ಚಿತ್ರ ಮತ್ತು ಹೆಸರು: ತೇಜಸ್ವಿಯವರ ಛಾಯಾಗ್ರಹಣದ ತಾತ್ತ್ವಿಕ ನೆಲೆ

ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಅವರ ಕಥೆ, ಕಾದಂಬರಿಗಳ ಸುತ್ತಲೇ ನಡೆದಿದೆ. ಅವರ ಛಾಯಾಚಿತ್ರಗಳನ್ನು ಲೇಖಕನೊಬ್ಬನ ಬಿಡುವಿನ ಹವ್ಯಾಸವೆಂದು ಬದಿಗಿರಿಸುವುದುಂಟು. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ನಿಲುವು ಸಮರ್ಪಕವಲ್ಲ.

ಮೈಸೂರಿನಲ್ಲಿ ಓದು ಮುಗಿಸಿ, ಮೂಡಿಗೆರೆಯಲ್ಲಿ ಕಾಫಿ ಕೃಷಿಕರಾಗಿ ನೆಲೆಸಿದ ತೇಜಸ್ವಿಯವರಿಗೆ ಬೇಟೆ ಮತ್ತು ಮೀನು ಶಿಕಾರಿಯ ಗೀಳು ಇತ್ತು. ಹೆಜ್ಜೆಯ ಗುರುತು, ದನಿ ಬಂದ ದಿಕ್ಕು, ಗಾಳಿಯ ಬೀಸು, ಅಲುಗದೆ ಕೂರುವ ತಾಳ್ಮೆ ಇವು ಬೇಟೆಗಾರನ ವಿದ್ಯೆ. ಜೊತೆಗಾರರಿಂದ ಕಾಡಿನಲ್ಲಿಯೇ ಕಲಿಯತಕ್ಕದ್ದು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದಾಗ ಈ ವಿದ್ಯೆ ಉಳಿಯಿತು, ಉದ್ದೇಶ ಬದಲಾಯಿತು. ಬೇಟೆ ಕೊಲ್ಲುವಲ್ಲಿ ಮುಗಿಯುತ್ತದೆ. ಚಿತ್ರ ದೊರೆತ ಮೇಲೂ ಹಕ್ಕಿ ಉಳಿದಿರುತ್ತದೆ, ಅದರ ಕುರಿತ ಪ್ರಶ್ನೆಗಳೂ ಉಳಿದಿರುತ್ತವೆ. ಛಾಯಾಗ್ರಹಣ ಅವರಿಗೆ ಸೌಂದರ್ಯದ ಸಂಗ್ರಹಕ್ಕಿಂತ ಹೆಚ್ಚಾಗಿ ಅರಿವಿನ ಮಾರ್ಗವಾದದ್ದು ಹೀಗೆ.

1980ರ 'ಕರ್ವಾಲೊ' ಕಾದಂಬರಿಯಲ್ಲಿ ಈ ತಾತ್ತ್ವಿಕತೆಯ ಸುಳಿವಿದೆ. ಹಾರುವ ಓತಿಯನ್ನು ಅರಸಿ ಹೊರಟ ತಂಡದಲ್ಲಿ ವಿಜ್ಞಾನಿಯೂ ಇದ್ದಾನೆ, ಛಾಯಾಗ್ರಾಹಕ ಪ್ರಭಾಕರನೂ ಇದ್ದಾನೆ. ಆದರೆ ದಾರಿ ತೋರುವುದು ಜೇನು ಹಿಡಿಯುವ ಮಂದಣ್ಣನ ಕಣ್ಣು. ಕೊನೆಗೆ ಓತಿ ಎಲ್ಲರ ಕೈತಪ್ಪಿ ಕಣಿವೆಯತ್ತ ತೇಲಿಹೋಗುತ್ತದೆ. ಉಪಕರಣದ ಮಿತಿಯನ್ನೂ ಜನಪದರ ಅರಿವಿನ ಹಿರಿಮೆಯನ್ನೂ ಒಟ್ಟಿಗೆ ಬಲ್ಲವರು ಮಾತ್ರ ಬರೆಯಬಹುದಾದ ಮುಕ್ತಾಯವಿದು.

'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ', 'ಹಕ್ಕಿ ಪುಕ್ಕ' ಕೃತಿಗಳಲ್ಲಿ ಹಕ್ಕಿಗಳು ಕನ್ನಡದ ಹೆಸರಿನೊಡನೆ ಕಾಣಿಸಿಕೊಳ್ಳುತ್ತವೆ. ಇದು ಕೇವಲ ಭಾಷಾಭಿಮಾನದ ಸಂಗತಿಯಲ್ಲ. ನಿಶ್ಚಲ ಚಿತ್ರ ಬಣ್ಣವನ್ನು, ಆಕಾರವನ್ನು ಹಿಡಿದಿಡುತ್ತದೆ. ದನಿಯನ್ನೂ ವೇಗವನ್ನೂ ಹಿಡಿಯಲಾರದು. ಹರಟೆಮಲ್ಲ ಎಂದೊಡನೆ ಗುಂಪುಗೂಡಿದ ಹಕ್ಕಿಗಳ ಗದ್ದಲ ಕೇಳಿಸುತ್ತದೆ. ಮಿಂಚುಳ್ಳಿ ಎಂಬಲ್ಲಿ ನೀರಿಗೆರಗುವ ವೇಗವಿದೆ. ಚಿತ್ರ ಬಿಟ್ಟದ್ದನ್ನು ಹೆಸರು ತುಂಬಿಕೊಡುತ್ತದೆ.

ಆದರೂ ಒಂದು ಕೊರತೆಯನ್ನು ಗುರುತಿಸಬೇಕು. ಹಕ್ಕಿಯನ್ನು ಹಿನ್ನೆಲೆಯಿಂದ ಬಿಡಿಸಿ ಒಂಟಿಯಾಗಿ ತೋರಿಸುವುದು ಹಕ್ಕಿ ಛಾಯಾಗ್ರಹಣದ ರೂಢಿ. ಆ ಚೌಕಟ್ಟಿನಲ್ಲಿ ಹೆಸರಿಟ್ಟ ಜನಕ್ಕೆ ಎಡೆಯಿಲ್ಲ. ತೇಜಸ್ವಿಯವರಲ್ಲಿ ಆ ಜನ ಗದ್ಯದಲ್ಲಿದ್ದಾರೆ. 1991ರ 'ಪರಿಸರದ ಕಥೆ' ಅವರಿಂದಲೇ ತುಂಬಿದೆ. ಆದ್ದರಿಂದ ಚಿತ್ರಗಳನ್ನು ಗದ್ಯದಿಂದ ಬೇರ್ಪಡಿಸಿ ಪ್ರದರ್ಶಿಸಿದರೆ ಅವು ಅರೆಮಾತಿನ ದಾಖಲೆಗಳಾಗುತ್ತವೆ.

ಈ ಮಾತು ಕ್ಷೇತ್ರಕಾರ್ಯಕ್ಕೂ ಅನ್ವಯಿಸುತ್ತದೆ. ಮೂಡಿಗೆರೆಗೆ ನೆರೆಯದಾದ ಬೇಲೂರು ತಾಲ್ಲೂಕಿಗೆ ಬರುವ ಕ್ಯಾಮೆರಾಗಳು ಚೆನ್ನಕೇಶವ ದೇವಾಲಯದ ಮದನಿಕೆಯರತ್ತ ತಿರುಗುತ್ತವೆ. ಅಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳ ಹೆಸರು ಕಲ್ಲಿನಲ್ಲಿಯೇ ಉಳಿದಿದೆ. ಅದೇ ತಾಲ್ಲೂಕಿನ ಗೆಂಡೆಹಳ್ಳಿಯಂತಹ ಊರುಗಳಲ್ಲಿ ಹಕ್ಕಿ, ಮರ, ಬಳ್ಳಿಗಳ ಹೆಸರು ಇರುವುದು ಹಿರಿಯರ ನಾಲಗೆಯ ಮೇಲೆ ಮಾತ್ರ. ಇಂದು ಚಿತ್ರ ತೆಗೆಯುವುದು ಸುಲಭವಾಗಿದೆ. ಹೆಸರು ಹೇಳುವವರು ಕಡಿಮೆಯಾಗುತ್ತಿದ್ದಾರೆ. ಹೆಸರನ್ನೂ, ಅದನ್ನು ಹೇಳಿದವರನ್ನೂ ಚಿತ್ರದೊಡನೆ ದಾಖಲಿಸದಿದ್ದರೆ ಮುಂದಿನ ಸಂಶೋಧಕನಿಗೆ ಬಣ್ಣದ ಹಾಳೆಯಷ್ಟೇ ದಕ್ಕುತ್ತದೆ.