ಆದಿಯೂ ಸೃಷ್ಟಿಯೂ: 1951ರ ಒಂದು ಭಾಷಣದ ಮರುಪರಿಶೀಲನೆ

ಖಗೋಳವಿಜ್ಞಾನದ ಸುದ್ದಿಗಳು ಈಚಿನ ವರ್ಷಗಳಲ್ಲಿ ನಮ್ಮ ಪ್ರಸಂಗಪೀಠದವರೆಗೂ ಬಂದು ತಲುಪಿವೆ. ಅಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ವಿಶ್ವಕ್ಕೆ ಆರಂಭವಿತ್ತೆಂದು ವಿಜ್ಞಾನವೇ ಒಪ್ಪಿಕೊಂಡಿರುವುದರಿಂದ ಆದಿಕಾಂಡದ ಮೊದಲ ಅಧ್ಯಾಯ ರುಜುವಾತಾಯಿತು ಎಂಬುದು ಒಂದು. ಜೇಮ್ಸ್ ವೆಬ್ ದೂರದರ್ಶಕವು ಮಹಾಸ್ಫೋಟ ಸಿದ್ಧಾಂತವನ್ನೇ ಬುಡಮೇಲು ಮಾಡಿರುವುದರಿಂದ ಸತ್ಯವೇದ ಗೆದ್ದಿತು ಎಂಬುದು ಇನ್ನೊಂದು. ಎರಡೂ ಒಟ್ಟಿಗೆ ನಿಜವಾಗಿರಲಾರವು. ಆದರೂ ಎರಡರ ಬೇರು ಒಂದೇ: ಸೃಷ್ಟಿಯನ್ನು ಕುರಿತ ಸಭೆಯ ವಿಶ್ವಾಸವನ್ನು ದೂರದರ್ಶಕದ ವರದಿಯ ಮೇಲೆ ನಿಲ್ಲಿಸುವ ಹಂಬಲ. ಈ ಹಂಬಲಕ್ಕೆ ಅತ್ಯಂತ ಘನವಾದ ರೂಪ ದೊರೆತದ್ದು 1951ರ ನವೆಂಬರ್ 22ರಂದು, ಪೋಪ್ ಹನ್ನೆರಡನೆಯ ಪಯಸ್ ಅವರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಮುಂದೆ ಮಾಡಿದ ಭಾಷಣದಲ್ಲಿ. ಒಂದು ವಾದದ ದುರ್ಬಲ ರೂಪವನ್ನು ಖಂಡಿಸುವುದು ಸುಲಭ. ಅದರ ಶ್ರೇಷ್ಠ ರೂಪವನ್ನು ಪರೀಕ್ಷಿಸಿದಾಗಲೇ ಬಲಾಬಲ ತಿಳಿಯುತ್ತದೆ. ಆದುದರಿಂದ ಆ ಭಾಷಣವನ್ನೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಭಾಷಣದ ಕ್ರಮ ಸ್ಪಷ್ಟವಾಗಿದೆ. ಲೋಕದ ವಸ್ತುಗಳೆಲ್ಲ ಬದಲಾಗುವಂಥವು, ಲೋಕದಲ್ಲಿ ಒಂದು ಕ್ರಮವಿದೆ ಎಂಬ ಥಾಮಸ್ ಅಕ್ವಿನಾಸರ ಹಳೆಯ ಮಾರ್ಗಗಳಿಂದ ಅದು ಹೊರಡುತ್ತದೆ. ಪರಮಾಣುವಿನ ಗರ್ಭದಲ್ಲಿಯೂ ಬದಲಾವಣೆಯುಂಟೆಂದು ಹೊಸ ಭೌತವಿಜ್ಞಾನ ತೋರಿಸಿದೆ. ಗ್ಯಾಲಕ್ಸಿಗಳು ಒಂದರಿಂದೊಂದು ದೂರ ಸರಿಯುತ್ತಿವೆಯೆಂದು ಎಡ್ವಿನ್ ಹಬಲ್ ತೋರಿಸಿದ್ದಾರೆ. ಹಿಂದಕ್ಕೆ ಎಣಿಸುತ್ತ ಹೋದರೆ ಎಲ್ಲವೂ ಒಂದು ಆರಂಭದತ್ತ ಬೆರಳು ಮಾಡುತ್ತದೆ. ಕಡೆಗೆ, ಬೆಳಕನ್ನು ಕರೆದ ಆ ಆದಿವಾಕ್ಯಕ್ಕೆ ಇಂದಿನ ವಿಜ್ಞಾನವೇ ಸಾಕ್ಷಿಯಾಗಿದೆ ಎಂಬ ಉದ್ಘೋಷಕ್ಕೆ ಭಾಷಣ ಏರುತ್ತದೆ. ಇದು ವಿಜ್ಞಾನಕ್ಕೆ ಹೆದರಿದವರ ಮಾತಲ್ಲ. ಅದನ್ನು ಆದರದಿಂದ ಓದಿದವರ ಮಾತು. ಈ ಸಂಗತಿಗಳು ಕಾಲದಲ್ಲಾದ ಸೃಷ್ಟಿಗೆ ಪೂರ್ಣ ಪ್ರಮಾಣವಲ್ಲ, ಇನ್ನೂ ಸಂಶೋಧನೆ ಬೇಕು ಎಂಬ ಎಚ್ಚರಿಕೆಯೂ ಅದರಲ್ಲಿದೆ. ಇಷ್ಟನ್ನು ಒಪ್ಪದೆ ಟೀಕಿಸುವುದು ನ್ಯಾಯವಲ್ಲ.

ಆದರೆ ಎಚ್ಚರಿಕೆ ಒಂದೆಡೆ, ಭಾಷಣದ ಒಟ್ಟು ಓಟ ಇನ್ನೊಂದೆಡೆ. ಕೇಳುಗನು ಮನೆಗೆ ಕೊಂಡೊಯ್ದದ್ದು ಎಚ್ಚರಿಕೆಯನ್ನಲ್ಲ, ಜಯಘೋಷವನ್ನು. ಆ ಘೋಷಕ್ಕೆ ಆಧಾರವಾದ ಅಂಕಿಗಳಾದರೂ ಎಷ್ಟು ಗಟ್ಟಿಯಾಗಿದ್ದವು? ಹಬಲ್ ಅವರ ಲೆಕ್ಕದಲ್ಲಿ ವಿಶ್ವದ ಹಿಗ್ಗುವಿಕೆಯ ದರ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ, ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷಗಳಿಗೆ, ಸೆಕೆಂಡಿಗೆ 500 ಕಿಲೋಮೀಟರಿನಷ್ಟಿತ್ತು. ಅದರಿಂದ ವಿಶ್ವದ ವಯಸ್ಸು 200 ಕೋಟಿ ವರ್ಷದ ಆಸುಪಾಸಿಗೆ ಬರುತ್ತಿತ್ತು. ಶಿಲೆಗಳ ವಿಕಿರಣವನ್ನು ಅಳೆದು ತಿಳಿದ ಭೂಮಿಯ ವಯಸ್ಸು ಅದಕ್ಕಿಂತ ಹೆಚ್ಚು. ತಾಯಿಗಿಂತ ಮಗಳೇ ಹಿರಿಯಳಾದ ಲೆಕ್ಕವದು.

ಭಾಷಣಕ್ಕೆ ವರ್ಷ ತುಂಬುವ ಮೊದಲೇ ಆ ಲೆಕ್ಕ ಬದಲಾಯಿತು. ಅದೂ ರೋಮ್ ನಗರದಲ್ಲಿಯೇ. 1952ರ ಸೆಪ್ಟೆಂಬರಿನಲ್ಲಿ ಅಲ್ಲಿ ಸೇರಿದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮ್ಮೇಳನದಲ್ಲಿ ವಾಲ್ಟರ್ ಬಾಡೆ ಒಂದು ಸಂಗತಿಯನ್ನು ಪ್ರಕಟಿಸಿದರು. ದೂರವನ್ನು ಅಳೆಯಲು ಬಳಸುತ್ತಿದ್ದ ಸೆಫೀಡ್ ನಕ್ಷತ್ರಗಳಲ್ಲಿ ಎರಡು ಬಗೆಗಳಿವೆ. ಅವುಗಳನ್ನು ಒಂದೇ ಎಂದು ಎಣಿಸಿದ್ದರಿಂದ ಗ್ಯಾಲಕ್ಸಿಗಳ ದೂರವೆಲ್ಲ ಸುಮಾರು ಅರ್ಧಕ್ಕೆ ಇಳಿದಿತ್ತು. ವಿಶ್ವದ ವಯಸ್ಸು ಒಮ್ಮೆಗೇ ಇಮ್ಮಡಿಯಾಯಿತು. ಅದೇ ತಿಂಗಳ 7ರಂದು ಪೋಪ್ ಅವರು ಆ ಖಗೋಳಜ್ಞರನ್ನು ಉದ್ದೇಶಿಸಿ ಮಾತಾಡಿದರು. ಹಿಂದಿನ ವರ್ಷದ ಘೋಷ ಅಲ್ಲಿ ಮರಳಲಿಲ್ಲ. ಆ ಮೌನದ ಹಿಂದೆ ಇಬ್ಬರು ಯಾಜಕ ವಿಜ್ಞಾನಿಗಳ ಸಲಹೆಯಿತ್ತೆಂದು ಇತಿಹಾಸಕಾರರು ಅಭಿಪ್ರಾಯಪಡುತ್ತಾರೆ: ವ್ಯಾಟಿಕನ್ ವೀಕ್ಷಣಾಲಯದ ಡೇನಿಯಲ್ ಓಕಾನೆಲ್ ಮತ್ತು ಬೆಲ್ಜಿಯಂನ ಜಾರ್ಜ್ ಲೆಮೇತ್ರ್.

ಲೆಮೇತ್ರ್ ಅವರ ಮಾತಿಗೆ ತೂಕವಿತ್ತು, ಏಕೆಂದರೆ ಸಿದ್ಧಾಂತ ಅವರದೇ. 1923ರಲ್ಲಿ ಯಾಜಕ ದೀಕ್ಷೆ ಪಡೆದ ಅವರು 1927ರಲ್ಲಿ ವಿಶ್ವ ಹಿಗ್ಗುತ್ತಿದೆಯೆಂದು ತೋರಿಸಿದರು. 1931ರಲ್ಲಿ 'ಆದಿಪರಮಾಣು'ವಿನ ಕಲ್ಪನೆಯನ್ನು ಮುಂದಿಟ್ಟರು. ಆ ವರ್ಷ 'ನೇಚರ್' ಪತ್ರಿಕೆಗೆ ಬರೆದ ಚಿಕ್ಕ ಲೇಖನದ ಹಸ್ತಪ್ರತಿಯಲ್ಲಿ ದೇವರನ್ನು ಕುರಿತ ಒಂದು ಕೊನೆಯ ಪರಿಚ್ಛೇದವಿತ್ತು. ಅಚ್ಚಿಗೆ ಹೋಗುವ ಮೊದಲು ಅದನ್ನು ಹೊಡೆದುಹಾಕಲಾಯಿತು. ದೇವರನ್ನು ಅವರು ಮರೆತರೆಂದು ಇದರ ಅರ್ಥವಲ್ಲ. ಜೀವಮಾನವಿಡೀ ಯಾಜಕರಾಗಿಯೇ ಉಳಿದರು, 1960ರಿಂದ ಅದೇ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ತಮ್ಮ ಸಿದ್ಧಾಂತವು ಧಾರ್ಮಿಕ ಪ್ರಶ್ನೆಗಳ ಆವರಣದ ಹೊರಗಿದೆ, ದೇವರನ್ನು ನಿರಾಕರಿಸುವ ಸ್ವಾತಂತ್ರ್ಯವನ್ನು ಅದು ಭೌತಿಕವಾದಿಗೆ ಉಳಿಸುತ್ತದೆ ಎಂಬುದು 1958ರ ಸಾಲ್ವೇ ಸಮ್ಮೇಳನದಲ್ಲಿ ಅವರು ಸ್ಪಷ್ಟಪಡಿಸಿದ ನಿಲುವು.

ಈ ವಿವೇಕದ ಬೆಲೆ ಈಚಿನ ಸಂಶೋಧನೆಗಳನ್ನು ನೋಡಿದಾಗ ಇನ್ನಷ್ಟು ತಿಳಿಯುತ್ತದೆ. ಹಿಗ್ಗುವಿಕೆಯ ದರ ಇಂದಿಗೂ ಇತ್ಯರ್ಥವಾಗಿಲ್ಲ. ವಿಶ್ವದ ಆದಿಯ ಬೆಳಕಿನ ಶೇಷವನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ 67.4, ಸೆಫೀಡ್ ನಕ್ಷತ್ರಗಳನ್ನೂ ಸೂಪರ್‌ನೋವಾಗಳನ್ನೂ ಮೆಟ್ಟಿಲಾಗಿ ಬಳಸಿದವರ ಲೆಕ್ಕ ಸುಮಾರು 73. ಅಳತೆಯ ತಪ್ಪಿರಬಹುದೆಂದು ವೆಬ್ ದೂರದರ್ಶಕದಿಂದ ಅವೇ ಸೆಫೀಡ್‌ಗಳನ್ನು ಮರಳಿ ನೋಡಿದಾಗ ಹಿಂದಿನ ಅಳತೆಯೇ ದೃಢಪಟ್ಟಿತು. ಬೇರೆ ಬಗೆಯ ನಕ್ಷತ್ರಗಳನ್ನು ಬಳಸಿದ ಇನ್ನೊಂದು ತಂಡಕ್ಕೆ 70ರ ಸಮೀಪದ ಉತ್ತರ ಬಂದಿದೆ. 2025ರಲ್ಲಿ ಅರಿಜೋನದ 'ಡೆಸಿ' ಸಮೀಕ್ಷೆಯು, ವಿಶ್ವವನ್ನು ವೇಗವಾಗಿ ಹಿಗ್ಗಿಸುತ್ತಿರುವ ಡಾರ್ಕ್ ಎನರ್ಜಿ ಕಾಲಕ್ರಮದಲ್ಲಿ ಕುಗ್ಗುತ್ತಿರಬಹುದೆಂಬ ಸುಳಿವು ನೀಡಿತು, ಅದಿನ್ನೂ ನಿರ್ಣಯವಲ್ಲ. ಮಹಾಸ್ಫೋಟದ ತರುವಾಯ 30 ಕೋಟಿ ವರ್ಷವೂ ತುಂಬದಿದ್ದ ಕಾಲದಲ್ಲಿ ಬೆಳಗುತ್ತಿದ್ದ ಗ್ಯಾಲಕ್ಸಿಯೊಂದನ್ನು ವೆಬ್ ಕಂಡಿದೆ. 2025ರಲ್ಲಿ ಅದರಲ್ಲಿ ಆಮ್ಲಜನಕವೂ ಪತ್ತೆಯಾಯಿತು. ಅಷ್ಟು ಬೇಗ ನಕ್ಷತ್ರಗಳು ಹುಟ್ಟಿ, ಸತ್ತು, ಆ ಧಾತುವನ್ನು ಚೆಲ್ಲಿದ್ದು ಹೇಗೆಂಬುದು ಸಂಶೋಧಕರ ಪ್ರಶ್ನೆ. ಆದರೆ ವಿಶ್ವ ಹಿಗ್ಗುತ್ತಿದೆ, ಒಂದು ಕಾಲಕ್ಕೆ ಅದು ಬಿಸಿಯಾಗಿಯೂ ದಟ್ಟವಾಗಿಯೂ ಇತ್ತು ಎಂಬುದನ್ನು ಇವು ಯಾವುವೂ ಅಲ್ಲಗಳೆದಿಲ್ಲ. ವೆಬ್ ಸಿದ್ಧಾಂತವನ್ನು ಸುಳ್ಳುಮಾಡಿತೆಂಬ ಪ್ರಸಂಗ ಸುದ್ದಿಯ ತಲೆಬರಹವನ್ನು ಮಾತ್ರ ಓದಿದ ಪ್ರಸಂಗ.

1951ರ ಮಾದರಿಯಲ್ಲಿ ವಿಶ್ವಾಸವನ್ನು ಇವುಗಳಿಗೆ ಕಟ್ಟಿದ್ದರೆ ಪ್ರತಿ ಹೊಸ ಅಳತೆಯೊಂದಿಗೆ ನಮ್ಮ ಉಪದೇಶವೂ ತೂಗಾಡುತ್ತಿತ್ತು. ಆದರೂ ಭಾಷಣದ ಮೂಲದೋಷ ಅಂಕಿಗಳು ಹಳತಾದದ್ದಲ್ಲ. ಅಂಕಿಗಳೆಲ್ಲ ಸರಿಯಾಗಿದ್ದರೂ ದೋಷ ಉಳಿಯುತ್ತಿತ್ತು: ಅದು ಆದಿಯನ್ನೂ ಸೃಷ್ಟಿಯನ್ನೂ ಒಂದೇ ಎಂಬಂತೆ ಬೆಸೆಯಿತು. ಲೋಕಕ್ಕೆ ಆದಿಯಿತ್ತೆಂಬುದನ್ನು ವಿಶ್ವಾಸದಿಂದಲೇ ಹಿಡಿಯುತ್ತೇವೆ, ತರ್ಕದಿಂದ ಸಾಧಿಸಲಾರೆವು ಎಂದು ಅಕ್ವಿನಾಸರು ಕಲಿಸಿದ್ದರು. ಗಟ್ಟಿಯಲ್ಲದ ಕಾರಣಗಳನ್ನು ಮುಂದೊಡ್ಡಿದರೆ ಅವಿಶ್ವಾಸಿಗಳ ನಗೆಗೆ ಎಡೆಯಾದೀತೆಂದೂ ಎಚ್ಚರಿಸಿದ್ದರು. ಅವರ ಮಾರ್ಗದಿಂದಲೇ ಹೊರಟ ಭಾಷಣ ಅವರ ಈ ಎಚ್ಚರಿಕೆಯನ್ನು ಹಿಂದೆ ಬಿಟ್ಟಿತು. ಅವರಿಗೆ ಸೃಷ್ಟಿಯೆಂದರೆ ಮೊದಲ ಕ್ಷಣದ ಘಟನೆಯಲ್ಲ; ಇರುವುದೆಲ್ಲವೂ ಪ್ರತಿ ಕ್ಷಣ ದೇವರನ್ನು ಆಧರಿಸಿಕೊಂಡೇ ಇರುವ ಸಂಬಂಧ. 104ನೆಯ ಕೀರ್ತನೆಯೂ ಇದನ್ನೇ ಹಾಡುತ್ತದೆ: ಅಲ್ಲಿ ಜೀವಿಗಳು ಇಂದಿನ ಆಹಾರಕ್ಕೆ ದೇವರ ಕೈ ನೋಡುತ್ತವೆ; ಆತನು ಉಸಿರನ್ನು ಹಿಂತೆಗೆದರೆ ಮಣ್ಣಾಗುತ್ತವೆ.

ನಮ್ಮ ಭಾಷೆಯ ಬಳಕೆಯೂ ಈ ಗೊಂದಲವನ್ನು ಹೆಚ್ಚಿಸಿದೆ. ವಿಶ್ವದ ಆರಂಭದ ಸುದ್ದಿಗೆಲ್ಲ 'ಸೃಷ್ಟಿಯ ರಹಸ್ಯ' ಎಂಬ ತಲೆಬರಹ ಕೊಡುವುದು ರೂಢಿ. 'ಮಹಾಸ್ಫೋಟ' ಎಂಬ ಮಾತೂ ಬಯಲಿನಲ್ಲಿ ಸಿಡಿದ ಮದ್ದನ್ನು ನೆನಪಿಸುತ್ತದೆ. ಸಿದ್ಧಾಂತ ಹೇಳುವುದು ಬಯಲೇ ಹಿಗ್ಗಿದ್ದನ್ನು. ವಿಜ್ಞಾನ ಹುಡುಕುವುದಕ್ಕೆ 'ಆರಂಭ' ಎಂದೂ ಸಭೆ ಅರಿಕೆಮಾಡುವುದಕ್ಕೆ 'ಸೃಷ್ಟಿ' ಎಂದೂ ಬೇರೆಬೇರೆಯಾಗಿ ಹೇಳುವ ಶಿಸ್ತನ್ನು ನಮ್ಮ ಉಪದೇಶಕರು ರೂಢಿಸಿಕೊಳ್ಳಬೇಕು.

ಹಾಗೆಂದು ಲೆಮೇತ್ರ್ ಅವರ ನಿಲುವೂ ವಿಮರ್ಶೆಗೆ ಹೊರತಲ್ಲ. ಎರಡು ಕೋಣೆ ಕಟ್ಟಿ ನಡುವಿನ ಬಾಗಿಲಿಗೆ ಬೀಗ ಹಾಕಿದರೆ ಜಗಳ ನಿಲ್ಲುತ್ತದೆ, ಮಾತೂ ನಿಲ್ಲುತ್ತದೆ. ಯೋಬನ ಗ್ರಂಥದಲ್ಲಿ ದೇವರು ಕೃತ್ತಿಕೆಯನ್ನೂ ಮೃಗಶಿರವನ್ನೂ ತೋರಿಸಿ ಪ್ರಶ್ನೆ ಕೇಳುವುದು ತನ್ನ ಇರುವಿಕೆಯನ್ನು ರುಜುವಾತುಪಡಿಸುವುದಕ್ಕಲ್ಲ. ಯೋಬನನ್ನು ಅವನ ಅಳತೆಗೆ ತರುವುದಕ್ಕೆ. ಖಗೋಳವಿಜ್ಞಾನವು ವಿಶ್ವಾಸಕ್ಕೆ ಮಾಡಬಹುದಾದ ಉಪಕಾರವೂ ಇಂಥದೇ ಎಂದು ನಾವು ಭಾವಿಸುತ್ತೇವೆ. ಅದು ಪ್ರಮಾಣವನ್ನು ಕೊಡುವುದಿಲ್ಲ. ನಾವು ಸ್ತುತಿಸುವಾತನ ಕೆಲಸದ ಹರವನ್ನು ತೋರಿಸಿ, ನಮ್ಮ ಸ್ತುತಿ ಎಷ್ಟು ಸಣ್ಣದೆಂದು ತಿಳಿಸುತ್ತದೆ.

ಇದರಲ್ಲಿ ಪಣಕ್ಕಿರುವುದು ಪಂಡಿತರ ಮರ್ಯಾದೆಯಲ್ಲ. ಭಾನುವಾರ ಪ್ರಸಂಗ ಕೇಳಿ ಸೋಮವಾರ ಭೌತವಿಜ್ಞಾನದ ತರಗತಿಗೆ ಹೋಗುವ ಮಕ್ಕಳು ನಮ್ಮ ಸಭೆಗಳಲ್ಲಿದ್ದಾರೆ. ವಿಜ್ಞಾನವು ಸತ್ಯವೇದವನ್ನು ರುಜುವಾತುಪಡಿಸಿತೆಂದು ಅವರಿಗೆ ಕಲಿಸಿದರೆ, ನಾಳೆ ಲೆಕ್ಕ ಬದಲಾದಾಗ ಅವರು ಕಳೆದುಕೊಳ್ಳುವುದು ಒಂದು ಸಿದ್ಧಾಂತವನ್ನಲ್ಲ, ನಮ್ಮ ಮಾತಿನ ಮೇಲಿನ ಭರವಸೆಯನ್ನು. 1952ರಲ್ಲಿ ಪೋಪ್ ಒಬ್ಬರು ತಮ್ಮ ವಾದವನ್ನು ಮತ್ತೆ ಎತ್ತದೆ ಬಿಟ್ಟರು. ಪ್ರಸಂಗಪೀಠದಲ್ಲಿ ನಿಲ್ಲುವ ನಮಗೂ ಆ ಮೌನದಿಂದ ಕಲಿಯುವುದಿದೆ.