ಸೇತುವೆಯ ಎರಡು ಬದಿಯ ಚರಿತ್ರೆ

ನಿಮ್ಮ ಮನೆಯಲ್ಲಿ ಹತ್ತನೆಯ ತರಗತಿಯಲ್ಲಿ ಓದುವ ಮಗನೋ ಮಗಳೋ ಇದ್ದರೆ ಇಂದು ಸಂಜೆ ಒಂದು ಪ್ರಶ್ನೆ ಕೇಳಿ ನೋಡಿ: ‘ಮೊದಲನೆಯ ಮಹಾಯುದ್ಧ ಏಕೆ ನಡೆಯಿತು?’ ಉತ್ತರ ತಡವಾಗದು. ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ, ಶಸ್ತ್ರಾಸ್ತ್ರಗಳ ಪೈಪೋಟಿ, ಮೈತ್ರಿಕೂಟಗಳು. ತತ್‌ಕ್ಷಣದ ಕಾರಣ 1914ರ ಜೂನ್ 28ರಂದು ಸರಾಯೆವೊದಲ್ಲಿ ನಡೆದ ಆಸ್ಟ್ರಿಯದ ಯುವರಾಜನ ಕೊಲೆ. ಉತ್ತರ ಸರಿಯಾಗಿದೆ, ಅಂಕ ಸಿಗುತ್ತದೆ. ಬಳಿಕ ಇನ್ನೊಂದು ಪ್ರಶ್ನೆ ಕೇಳಿ: ‘ಆ ಯುದ್ಧಕ್ಕೂ ನಮ್ಮ ಊರಿಗೂ ಏನು ಸಂಬಂಧ?’ ಮಗು ಸುಮ್ಮನೆ ನಿಮ್ಮ ಮುಖ ನೋಡುತ್ತದೆ.

ಈ ಮೌನವನ್ನು ನಾನು ಏಕಸಂಬಿಯ ಮನೆಯೊಂದರಲ್ಲಿ ಕಂಡೆ. ಪಾಠವನ್ನು ಕಂಠಪಾಠ ಒಪ್ಪಿಸಿದ ಹುಡುಗನ ತಲೆಯ ಮೇಲೆಯೇ, ಗೋಡೆಯಲ್ಲಿ, ಸೈನಿಕನ ಸಮವಸ್ತ್ರದಲ್ಲಿದ್ದ ಪೂರ್ವಜರೊಬ್ಬರ ಮಸುಕಾದ ಚಿತ್ರವಿತ್ತು. “ಅವರು ಬಸ್ರಾಕ್ಕೆ ಹೋಗಿದ್ದರಂತೆ” ಎಂದರು ಅಜ್ಜಿ. ಬಸ್ರಾ ಎಲ್ಲಿದೆ, ಅಲ್ಲಿಗೆ ಏಕೆ ಹೋದರು ಎಂಬುದು ಯಾರಿಗೂ ತಿಳಿದಿರಲಿಲ್ಲ. 1922ರಿಂದ ಮರಾಠಾ ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿದೆ. ಅದಕ್ಕೂ ಮುನ್ನ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಮರಾಠಾ ಪಡೆಗಳು ಇಂದಿನ ಇರಾಕ್ ಆಗಿರುವ ಮೆಸೊಪೊಟೇಮಿಯದಲ್ಲಿ ಬ್ರಿಟಿಷರ ಪರವಾಗಿ ಕಾದಿದವು. ಕುತ್ ಎಂಬ ಪಟ್ಟಣದಲ್ಲಿ ತಿಂಗಳುಗಟ್ಟಲೆ ಮುತ್ತಿಗೆಗೆ ಸಿಲುಕಿ, ಹಸಿವಿನಿಂದ ಬಳಲಿ, 1916ರ ಏಪ್ರಿಲ್‌ನಲ್ಲಿ ತುರ್ಕರಿಗೆ ಶರಣಾದ ಸೈನ್ಯದಲ್ಲಿ ಅವರೂ ಇದ್ದರು. ಹುಡುಗನ ಪುಸ್ತಕದಲ್ಲಿ ಯುದ್ಧವಿತ್ತು, ಗೋಡೆಯ ಮೇಲೆ ಸೈನಿಕನಿದ್ದ. ಅವೆರಡನ್ನೂ ಜೋಡಿಸುವ ಒಂದು ಮಾತು ತರಗತಿಯಲ್ಲಿ ಹುಟ್ಟಿರಲಿಲ್ಲ.

ನಮ್ಮ ಪ್ರೌಢಶಾಲೆಗಳಲ್ಲಿ ಆಧುನಿಕ ರಾಜಕೀಯ ಚರಿತ್ರೆಯನ್ನು ಕಲಿಸುತ್ತಿರುವ ಬಗೆಯನ್ನು ವಿಮರ್ಶಿಸಲು ಇದೇ ಸೂಕ್ತ ಆರಂಭವೆಂದು ನನಗೆ ತೋರುತ್ತದೆ. ಮೊದಲಿಗೆ ನ್ಯಾಯವಾದ ಮಾತು ಹೇಳಿಬಿಡಬೇಕು. ನಮ್ಮ ರಾಜ್ಯದ ಹತ್ತನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದ ಹರವು ಸಣ್ಣದಲ್ಲ. ಯುರೋಪಿಯನ್ನರ ಆಗಮನದಿಂದ ಹಿಡಿದು ಕಿತ್ತೂರಿನ ಪ್ರತಿಭಟನೆ, 1857, ಗಾಂಧಿಯುಗ, ಸ್ವಾತಂತ್ರ್ಯೋತ್ತರ ಭಾರತ ಎಲ್ಲವೂ ಅಲ್ಲಿವೆ. ಜಗತ್ತಿನ ಕಡೆಗೂ ಕಿಟಕಿ ತೆರೆದಿದೆ: ಎರಡು ಮಹಾಯುದ್ಧಗಳು, ರಷ್ಯದ ಕ್ರಾಂತಿ, ಫ್ಯಾಸಿಸಂ, ನಾಜಿಸಂ, ಚೀನಾದ ಕ್ರಾಂತಿ, ಶೀತಲ ಸಮರ. ಭಾರತದ ವಿದೇಶಾಂಗ ನೀತಿಯೂ ವಿಶ್ವಸಂಸ್ಥೆಯೂ ಇವೆ. ಹಳ್ಳಿಯ ಮಗುವಿಗೆ ಇಷ್ಟು ದೊಡ್ಡ ಪ್ರಪಂಚವನ್ನು ತೋರಿಸಬೇಕೆಂದ ಆಶಯ ಮೆಚ್ಚತಕ್ಕದ್ದೇ.

ದೋಷವಿರುವುದು ವೇಗದಲ್ಲಿ. ಒಂದು ಇಡೀ ಶತಮಾನದ ಜಾಗತಿಕ ರಾಜಕೀಯವನ್ನು ಒಂದೇ ಅಧ್ಯಾಯದಲ್ಲಿ ಅಡಕಿದಾಗ ಮನುಷ್ಯರು ಮರೆಯಾಗಿ ಪಟ್ಟಿಗಳು ಉಳಿಯುತ್ತವೆ. ‘ಹಿಟ್ಲರ್ ಸರ್ವಾಧಿಕಾರಿಯಾದನು’ ಎಂಬ ವಾಕ್ಯವನ್ನೇ ನೋಡಿ. ಇದು ನಿಜ, ಆದರೆ ನಾವು ಕಲಿಯಬೇಕಾದುದು ಈ ವಾಕ್ಯದ ಹಿಂದೆ ಅಡಗಿದೆ. 1933ರ ಜನವರಿ 30ರಂದು ಅವನನ್ನು ಜರ್ಮನಿಯ ಅಧ್ಯಕ್ಷರೇ ಪ್ರಧಾನಿಯ ಪೀಠಕ್ಕೆ ನೇಮಿಸಿದರು. ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 23ರಂದು, ಸಂಸತ್ತು ಬೆದರಿಕೆಯ ನೆರಳಿನಲ್ಲಿ ಮತ ಹಾಕಿ ಶಾಸನ ಮಾಡುವ ತನ್ನ ಅಧಿಕಾರವನ್ನು ಅವನ ಸರಕಾರಕ್ಕೆ ಒಪ್ಪಿಸಿತು. ವಿರೋಧವಾಗಿ ಮತ ಹಾಕಿದವರು ಸಾಮಾಜಿಕ ಪ್ರಜಾಪ್ರಭುತ್ವವಾದಿಗಳು ಮಾತ್ರ. ಕೆಥೊಲಿಕರ ಬೆಂಬಲವಿದ್ದ ಸೆಂಟರ್ ಪಕ್ಷವೂ ಪರವಾಗಿ ಮತ ಹಾಕಿತೆಂಬುದನ್ನು ಈ ಪತ್ರಿಕೆಯ ಓದುಗರಾದ ನಾವು ತಲೆತಗ್ಗಿಸಿಯಾದರೂ ನೆನೆಯಬೇಕು. ಸಭ್ಯರು ಏಕೆ ಒಪ್ಪಿದರು? ಕಾನೂನೇ ಕಾನೂನನ್ನು ಕೊಂದದ್ದು ಹೇಗೆ? ಹದಿನೈದರ ವಯಸ್ಸಿನ ಮಗು ಈ ಪ್ರಶ್ನೆಗಳನ್ನು ಕೇಳಬಲ್ಲದು. ಕೇಳುವ ಅವಕಾಶ ಕೊಡಬೇಕಷ್ಟೆ.

ಹಾಗೆ ಕೇಳಿದ ಮಗು ನಾಳೆ ನಮ್ಮದೇ 1975ರ ತುರ್ತುಪರಿಸ್ಥಿತಿಯ ಪಾಠಕ್ಕೆ ಬಂದಾಗ ಎರಡನ್ನೂ ತೂಗಿ ನೋಡುತ್ತದೆ. ಎರಡೂ ಒಂದೇ ಎಂದು ಕೂಗುವುದಿಲ್ಲ. ಇಲ್ಲಿ 1977ರಲ್ಲಿ ಚುನಾವಣೆ ನಡೆದು ಸರಕಾರವೇ ಸೋತಿತೆಂಬ ವ್ಯತ್ಯಾಸವನ್ನು ಗುರುತಿಸುತ್ತದೆ. ಹೋಲಿಸುವುದು, ಬೇರ್ಪಡಿಸುವುದು, ತೀರ್ಮಾನಕ್ಕೆ ಆತುರಪಡದಿರುವುದು, ಇವೇ ಚರಿತ್ರೆಯ ವಿದ್ಯೆ. 2006ರಲ್ಲಿ ಹೊರಬಂದ ಎನ್‌ಸಿಇಆರ್‌ಟಿಯ ಒಂಬತ್ತನೆಯ ತರಗತಿಯ ಪುಸ್ತಕ ನಾಜಿಸಂಗೆ ಒಂದು ಪೂರ್ಣ ಅಧ್ಯಾಯವನ್ನೇ ಮೀಸಲಿಟ್ಟು, ಆ ಕಾಲದ ಶಾಲೆಗಳಲ್ಲಿ ಮಕ್ಕಳಿಗೆ ಏನು ಕಲಿಸುತ್ತಿದ್ದರೆಂಬುದನ್ನೂ ವಿವರಿಸಿತು. ಹಾಗೆ ಕೆಲವನ್ನಾದರೂ ನಿಧಾನವಾಗಿ ಕಲಿಸುವುದು ಎಲ್ಲವನ್ನೂ ಓಡುತ್ತ ಮುಟ್ಟುವುದಕ್ಕಿಂತ ಲೇಸು.

ಶಿಕ್ಷಕರನ್ನು ದೂರುವುದು ಸುಲಭ. ನಾನು ಆ ದಾರಿ ಹಿಡಿಯಲಾರೆ. 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ, ಅದರ ಮೇಲೆ ಶೈಕ್ಷಣಿಕ ಜಿಲ್ಲೆಗಳ ನಡುವಿನ ಫಲಿತಾಂಶದ ಪೈಪೋಟಿ. ಡಿಸೆಂಬರ್ ಕಳೆದರೆ ‘ಪಾಸಿಂಗ್ ಪ್ಯಾಕೇಜ್’ ಕೈಗೆ ಬರುತ್ತದೆ. ಹಿಂದುಳಿದ ಮಗು ಉತ್ತೀರ್ಣವಾಗಲೆಂಬ ಕಾಳಜಿ ಅದರಲ್ಲಿದೆ, ನಿಜ. ಆದರೆ ಅದು ಉತ್ತರಗಳನ್ನು ಉಳಿಸಿ ಪ್ರಶ್ನೆಗಳನ್ನು ಕೈಬಿಡುತ್ತದೆ. ಸಾಲದೆಂಬಂತೆ ಸರಕಾರ ಬದಲಾದಂತೆಲ್ಲ ಪುಸ್ತಕವೂ ಬದಲಾಗುತ್ತದೆ. 2022ರಲ್ಲಿ ಪರಿಷ್ಕರಣೆಯ ಗದ್ದಲ, 2023ರ ಜೂನ್‌ನಲ್ಲಿ ಮರುಪರಿಷ್ಕರಣೆ. ಯಾವ ಪಾಠ ಸೇರಿತು, ಯಾವುದು ಹೋಯಿತು ಎಂಬ ವಾದದಲ್ಲಿ ನಾಡೆಲ್ಲ ಮುಳುಗಿದ್ದಾಗ, ಸೇರಿದ ಪಾಠವನ್ನಾದರೂ ಮಗು ಹೇಗೆ ಓದುತ್ತದೆಂದು ಕೇಳಿದವರು ವಿರಳ.

ಈಗ ಏಕಸಂಬಿಗೆ ಮರಳೋಣ. ಸುತ್ತಲಿನ ನೆಲವೇ ಒಂದು ಪಠ್ಯಪುಸ್ತಕ. ರಾಯಬಾಗ ಒಂದು ಕಾಲಕ್ಕೆ ಕೊಲ್ಲಾಪುರ ಸಂಸ್ಥಾನದ ಭಾಗವಾಗಿತ್ತು. ಆ ಸಂಸ್ಥಾನದ ಶಾಹೂ ಮಹಾರಾಜರು 1902ರಲ್ಲಿಯೇ ಹಿಂದುಳಿದವರಿಗೆ ಸರಕಾರಿ ಹುದ್ದೆಗಳಲ್ಲಿ ಶೇಕಡಾ 50ರ ಮೀಸಲಾತಿ ಸಾರಿದರು. ನಿಪ್ಪಾಣಿಯಲ್ಲಿ 1925ರಲ್ಲಿ ಡಾ. ಅಂಬೇಡ್ಕರರು ಬಹಿಷ್ಕೃತರ ಪರಿಷತ್ತಿನಲ್ಲಿ ಪಾಲ್ಗೊಂಡರು. 1927ರಲ್ಲಿ ಗಾಂಧೀಜಿ ಇದೇ ಭಾಗದ ಪ್ರವಾಸದಲ್ಲಿ ಅಸ್ವಸ್ಥರಾಗಿ, ಮುಂದೆ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆಯಬೇಕಾಯಿತು. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು. ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ಅದೇ ತಂಬಾಕಿನ ಧೂಳು ಕುಡಿದು ದುಡಿದ ಹೆಣ್ಣುಮಕ್ಕಳು ಆ ವರ್ಷಗಳಲ್ಲಿಯೇ ಸಂಘ ಕಟ್ಟಿದರು. ಇವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದು ತರಗತಿ ಅವರ ಬಳಿ ಹೋಗಿ ಕೇಳಿ ಬರೆದುಕೊಂಡರೆ ಆಂತರಿಕ ಮೌಲ್ಯಮಾಪನದ ಯೋಜನೆಗೆ ಅಂಟಿಸಲು ಅಂಗಡಿಯಿಂದ ಚಿತ್ರ ತರಬೇಕಾಗದು.

ಆದರೆ ಅತ್ಯಂತ ಕಠಿಣವಾದ ಪಾಠ ಗಡಿಯದೇ. ಏಕಸಂಬಿಯಿಂದ ದೂಧಗಂಗೆಯ ಸೇತುವೆ ದಾಟಿದರೆ ದಾನವಾಡ; ಅದು ಕೊಲ್ಲಾಪುರ ಜಿಲ್ಲೆ, ಮಹಾರಾಷ್ಟ್ರ. ಎರಡೂ ದಡಗಳಲ್ಲಿ ಒಂದೇ ಕಬ್ಬು, ಒಂದೇ ಮಹಾಪೂರ, ಮದುವೆಯ ನಂಟು. ಶಾಲೆಯ ಚರಿತ್ರೆ ಮಾತ್ರ ಬೇರೆ. ಈಚೆಯ ಮಗುವಿಗೆ 1956ರ ನವೆಂಬರ್ 1 ಏಕೀಕರಣದ ಹಬ್ಬ. ಆಚೆಯ ಮಗುವಿಗೆ 1960ರ ಮೇ 1 ಸಂಯುಕ್ತ ಮಹಾರಾಷ್ಟ್ರದ ಗೆಲುವು. ಬೆಳಗಾವಿಯಲ್ಲಿಯೇ ನವೆಂಬರ್ 1ರಂದು ಒಂದು ಬೀದಿಯಲ್ಲಿ ರಾಜ್ಯೋತ್ಸವದ ಮೆರವಣಿಗೆ, ಇನ್ನೊಂದರಲ್ಲಿ ಕರಾಳ ದಿನ. ಫಜಲ್ ಅಲಿ ಆಯೋಗದ ಹೆಸರನ್ನು ನಮ್ಮ ಮಕ್ಕಳು ಬಲ್ಲರು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗದ ಹೆಸರನ್ನು ಬೀದಿಯ ಘೋಷಣೆಗಳಲ್ಲಿ ಕೇಳಿರುತ್ತಾರೆ. ಆದರೆ ಆ ವರದಿ ಬೆಳಗಾವಿಯನ್ನು ನಮ್ಮಲ್ಲಿಯೇ ಉಳಿಸಿ, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ ಅಕ್ಕಲಕೋಟೆಯನ್ನು ನಮಗೂ ಸೇರಿಸಲು ಸೂಚಿಸಿತ್ತೆಂದು ಎಷ್ಟು ಮಕ್ಕಳು ಬಲ್ಲರು? ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತನ್ನ ಮನೆಯ ಅಂಗಳದ ಈ ರಾಜಕೀಯವನ್ನು ಮಗು ಶಾಲೆಯಲ್ಲಿ ಕಲಿಯದಿದ್ದರೆ ಕಲ್ಲು ಹಿಡಿದ ಗುಂಪಿನಿಂದ ಕಲಿಯುತ್ತದೆ. ಬಸ್ಸಿಗೆ ಮಸಿ ಬಳಿದಾಗ ಕಲಿಯುತ್ತದೆ.

‘ತರಗತಿಯಲ್ಲಿ ಇಂಥ ವಿಷಯ ಎತ್ತಿದರೆ ಮಕ್ಕಳೇ ಎರಡು ಪಂಗಡವಾಗುವರು’ ಎಂಬ ಅಂಜಿಕೆ ಸಹಜ. ಕನ್ನಡ, ಮರಾಠಿ ಎರಡೂ ಮನೆಮಾತಿನ ಮಕ್ಕಳು ಕೂಡಿ ಕುಳಿತಿರುವ ಕಡೆ ಶಿಕ್ಷಕರು ಎಚ್ಚರದಿಂದಿರಲೇಬೇಕು. ಆದರೂ ನಮಗಿಂತ ಆಳವಾದ ಗಾಯಗಳಿದ್ದವರು ಪ್ರಯತ್ನಿಸಿದ್ದಾರೆ. 1870ರಿಂದ 1945ರ ನಡುವೆ ಮೂರು ಬಾರಿ ಪರಸ್ಪರ ಯುದ್ಧಕ್ಕಿಳಿದ ಫ್ರಾನ್ಸ್ ಮತ್ತು ಜರ್ಮನಿಯ ಯುವಜನರು 2003ರಲ್ಲಿ ಬರ್ಲಿನ್‌ನಲ್ಲಿ ಕೂಡಿ, ಎರಡೂ ದೇಶಗಳಿಗೆ ಒಂದೇ ಚರಿತ್ರೆಯ ಪುಸ್ತಕ ಬೇಕೆಂದು ಕೇಳಿದರು. 2006ರಲ್ಲಿ ಅದರ ಮೊದಲ ಸಂಪುಟ ಎರಡೂ ಭಾಷೆಗಳಲ್ಲಿ ಬಂದಿತು. ಇಸ್ರೇಲಿ ಮತ್ತು ಪ್ಯಾಲೆಸ್ಟೈನಿನ ಶಿಕ್ಷಕರು ಕೂಡಿ ಸಿದ್ಧಪಡಿಸಿದ ಇನ್ನೊಂದು ಪುಸ್ತಕದ ಪುಟಗಳಲ್ಲಿ ಎರಡು ಬದಿಗೆ ಎರಡು ಜನಾಂಗಗಳ ಕಥನ, ನಡುವೆ ಖಾಲಿ ಜಾಗ. ಅಲ್ಲಿ ವಿದ್ಯಾರ್ಥಿ ತನ್ನ ಮಾತು ಬರೆಯಬೇಕು. ಅದು ಆ ನಾಡಿಗೆ ಶಾಂತಿ ತರಲಿಲ್ಲ, ನಿಜ. ಶಾಂತಿ ತರುವುದು ಪುಸ್ತಕವೊಂದರ ಶಕ್ತಿಗೆ ಮೀರಿದ್ದು. ಎದುರು ಬದಿಯವನಿಗೂ ಒಂದು ಕಥೆಯಿದೆಯೆಂದು ತಿಳಿಸುವುದು ಮಾತ್ರ ಅದರಿಂದ ಸಾಧ್ಯ.

ಆ ಖಾಲಿ ಜಾಗಕ್ಕೆ ಸರಕಾರದ ಆದೇಶ ಬೇಕಿಲ್ಲ. ಹಾಳೆಯೊಂದನ್ನು ಮೂರು ಭಾಗವಾಗಿ ಮಡಿಸಿದರೆ ಸಾಕು. ಒಂದು ಭಾಗದಲ್ಲಿ ಕರ್ನಾಟಕದ ವಾದ, ಇನ್ನೊಂದರಲ್ಲಿ ಮಹಾರಾಷ್ಟ್ರದ ವಾದ, ಎರಡನ್ನೂ ಒಂದೇ ಮಗು ಪ್ರಾಮಾಣಿಕವಾಗಿ ಬರೆಯಲಿ. ನಡುವಿನಲ್ಲಿ ತನ್ನ ಅಜ್ಜ ಅಜ್ಜಿಯರು ಹೇಳಿದ್ದನ್ನು ಬರೆಯಲಿ. ವರ್ಷಕ್ಕೆ ಒಂದೇ ಒಂದು ಪಾಠವನ್ನಾದರೂ ಹೀಗೆ ಕಲಿಸಿರೆಂದು ನನ್ನ ಶಿಕ್ಷಕ ಮಿತ್ರರಲ್ಲಿ ಬೇಡಿಕೊಳ್ಳುತ್ತೇನೆ. ನಮ್ಮ ಶಾಲೆಗಳನ್ನು ನಡೆಸುವ ಗುರುಗಳಲ್ಲಿಯೂ ಕನ್ಯಾಸ್ತ್ರೀಯರಲ್ಲಿಯೂ ಇದೇ ಬಿನ್ನಹ: ಫಲಿತಾಂಶದ ಫಲಕದಲ್ಲಿ ಅಂಕಿ ಬರೆಯುವ ಮುನ್ನ, ನಮ್ಮ ಮಕ್ಕಳು ಏನನ್ನು ಕೇಳಲು ಕಲಿತರೆಂದು ಒಮ್ಮೆ ಆತ್ಮಶೋಧನೆ ಮಾಡಿಕೊಳ್ಳೋಣ.

ಓದುಗರೇ, ನಿಮಗೂ ಒಂದು ಕೆಲಸವಿದೆ. ಗೋಡೆಯ ಮೇಲಿನ ಹಳೆಯ ಚಿತ್ರವನ್ನು ಕೆಳಗಿಳಿಸಿ, ಧೂಳು ಒರೆಸಿ, ಮಗುವಿನ ಕೈಗೆ ಕೊಡಿ. ಬಸ್ರಾ ಎಲ್ಲಿದೆಯೆಂದು ಇಬ್ಬರೂ ಕೂಡಿ ಭೂಪಟದಲ್ಲಿ ಹುಡುಕಿ. ಮಳೆಗಾಲದಲ್ಲಿ ದೂಧಗಂಗೆ ಉಕ್ಕಿ ಏಕಸಂಬಿಯ ಸೇತುವೆ ಮುಳುಗಿದಾಗ ಎರಡೂ ದಡದ ಜನ ನೀರು ಇಳಿಯುವುದನ್ನೇ ಕಾಯುತ್ತ ನಿಲ್ಲುತ್ತಾರೆ. ಹಾಗೆ ನಿಂತವರ ಮಕ್ಕಳಿಗೆ ಎದುರು ದಡದವರ ಕಥೆಯೂ ಗೊತ್ತಿರಲಿ.