ಕೂಲಿಯೂ ಗಡಿಯೂ: ‘ಟ್ರಾನ್ಸ್‌ಮಿಷನ್’ ಕಾದಂಬರಿಯ ವಿಚಾರ

ನಮ್ಮ ಜಿಲ್ಲೆಯ ಅನೇಕ ಮನೆಗಳಿಂದ ಮಗನೋ ಮಗಳೋ ಅಳಿಯನೋ ಕಂಪ್ಯೂಟರ್ ಕೆಲಸಕ್ಕಾಗಿ ಸಮುದ್ರವನ್ನು ದಾಟಿ ಹೋಗಿರುವರು. ಅವರ ಸಂಬಳದ ವಾರ್ತೆಯೂ ಕೊಂಡ ಮನೆಯ ವಾರ್ತೆಯೂ ನಮಗೆ ತಪ್ಪದೆ ತಲುಪುತ್ತವೆ. ಅಲ್ಲಿಯವರ ಕಣ್ಣಿಗೆ ಅವರು ಹೇಗೆ ಕಾಣುತ್ತಾರೆ, ಯಾವ ಭಯವನ್ನು ನುಂಗಿಕೊಂಡು ದಿನ ಕಳೆಯುತ್ತಾರೆ ಎಂಬುದು ಮಾತ್ರ ತಲುಪುವುದಿಲ್ಲ. ಹೆತ್ತವರಿಗೆ ನೋವಾದೀತೆಂದು ಮಕ್ಕಳು ಅದನ್ನು ಹೇಳುವುದಿಲ್ಲ. ಹೇಳದಿದ್ದುದನ್ನು ನಾವು ಕೇಳುವುದೂ ಇಲ್ಲ. ೨೦೨೫ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-೧ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರು ಶುಲ್ಕವನ್ನು ವಿಧಿಸಿ ಘೋಷಣೆ ಹೊರಡಿಸಿದಾಗ ಈ ಮೌನವು ಸ್ವಲ್ಪ ಒಡೆಯಿತು. ಇಂಥ ಸಮಯದಲ್ಲಿ ಹರಿ ಕುಂಜ್ರು ಅವರು ೨೦೦೪ರಲ್ಲಿ ಆಂಗ್ಲ ಭಾಷೆಯಲ್ಲಿ ಪ್ರಕಟಿಸಿದ ‘ಟ್ರಾನ್ಸ್‌ಮಿಷನ್’ ಎಂಬ ಕಾದಂಬರಿಯನ್ನು ತೆಗೆದು ಮತ್ತೊಮ್ಮೆ ಓದುವುದು ಸಾರ್ಥಕವೆಂದು ನನ್ನ ಅಭಿಪ್ರಾಯ.

ಗ್ರಂಥಕರ್ತರು ೧೯೬೯ರಲ್ಲಿ ಲಂಡನ್ನಿನಲ್ಲಿ ಜನಿಸಿದವರು. ತಂದೆ ಕಾಶ್ಮೀರದ ಪಂಡಿತರು, ತಾಯಿ ಆಂಗ್ಲೇಯರು. ಕಥೆಯ ಸಾರವಿಷ್ಟು. ಅರ್ಜುನ ಮೆಹ್ತಾ ಎಂಬ ತರುಣನು ದೆಹಲಿಯ ಕಡೆಯವನು; ಸಿನಿಮಾದ ಹುಚ್ಚು, ಕಂಪ್ಯೂಟರಿನಲ್ಲಿ ಅಸಾಧಾರಣವಾದ ಕೈವಾಡ. ಆಳುಗಳನ್ನು ಒದಗಿಸುವ ಒಂದು ಕಂಪೆನಿಯ ಮಾತನ್ನು ನಂಬಿ ಕ್ಯಾಲಿಫೋರ್ನಿಯಕ್ಕೆ ಹೋಗುತ್ತಾನೆ. ಹೋಗಿ ನೋಡಿದರೆ ಹೇಳಿದ್ದ ಕೆಲಸವೇ ಇಲ್ಲ. ತನ್ನಂಥವರೊಡನೆ ಒಂದು ಮನೆಯಲ್ಲಿ ಕಾದು ಕುಳಿತು, ಕೊನೆಗೆ ವಾಷಿಂಗ್ಟನ್ ಸಂಸ್ಥಾನದ ರೆಡ್‌ಮಂಡಿನಲ್ಲಿ ವೈರಸ್ ನಿವಾರಣೆಯ ಕಂಪೆನಿಯೊಂದನ್ನು ಸೇರುತ್ತಾನೆ. ವ್ಯಾಪಾರ ಇಳಿದು ಅವನನ್ನು ಬಿಡುವ ಕಾಲ ಬಂದಾಗ, ಬೇಡಿಕೊಂಡರೂ ಫಲವಿಲ್ಲದೆ, ತಾನೇ ಒಂದು ವೈರಸ್ಸನ್ನು ಬರೆದು ಹರಡಿ, ತಾನೇ ಅದನ್ನು ಬಿಡಿಸಿ ಕೆಲಸ ಉಳಿಸಿಕೊಳ್ಳಲು ಯತ್ನಿಸುತ್ತಾನೆ. ಲೀಲಾ ಎಂಬ ಸಿನಿಮಾ ನಟಿಯ ಹೆಸರು ಹೊತ್ತ ಆ ವೈರಸ್ಸು ಅವನ ಕೈಮೀರಿ ಲೋಕವನ್ನೇ ಕಂಗೆಡಿಸುತ್ತದೆ. ಅವನು ತಲೆಮರೆಸಿಕೊಂಡು ಕಣ್ಮರೆಯಾಗುತ್ತಾನೆ.

ಕಾದಂಬರಿಯ ಮೊದಲನೆಯ ಗುಣ ಅದರ ಯಥಾರ್ಥತೆ. ಕಾದು ಕುಳಿತಿರುವ ಸ್ಥಿತಿಗೆ ಆ ವೃತ್ತಿಯಲ್ಲಿ ‘ಬೆಂಚು’ ಎಂದು ಹೆಸರು. ಆಳನ್ನು ತಂದವನೊಬ್ಬ, ದುಡಿಸಿಕೊಳ್ಳುವವನು ಮತ್ತೊಬ್ಬ. ನಡುವಿನವನು ತನ್ನ ಪಾಲನ್ನು ಮುರಿದುಕೊಂಡು ಉಳಿದುದನ್ನು ಕೊಡುತ್ತಾನೆ. ಷ್ಯಾಂಗ್ ಬ್ಯಾವೋ ಎಂಬ ವಿದ್ವಾಂಸರು ಹೈದರಾಬಾದಿನಲ್ಲಿಯೂ ಸಿಡ್ನಿಯಲ್ಲಿಯೂ ಈ ವ್ಯವಹಾರವನ್ನು ಹತ್ತಿರದಿಂದ ನೋಡಿ ೨೦೦೭ರಲ್ಲಿ ‘ಗ್ಲೋಬಲ್ ಬಾಡಿ ಷಾಪಿಂಗ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮಾರುಕಟ್ಟೆಯ ಏರಿಳಿತದ ನಷ್ಟವೆಲ್ಲ ಬೆಂಚಿನ ಮೇಲೆ ಕುಳಿತ ತರುಣನ ತಲೆಯ ಮೇಲೆ ಬೀಳುವುದನ್ನೂ, ಈ ಪ್ರಯಾಣದ ಬಂಡವಾಳಕ್ಕೆ ವರದಕ್ಷಿಣೆಯ ಹಣವೂ ಸೇರುವುದನ್ನೂ ಆ ಗ್ರಂಥದಲ್ಲಿ ಕಾಣಬಹುದು. ವಿದ್ವಾಂಸರು ಕಂಡು ಬರೆದುದನ್ನು ಕಾದಂಬರಿಕಾರರು ಮೂರು ವರ್ಷ ಮೊದಲೇ ಕಲ್ಪನೆಯಿಂದ ಗ್ರಹಿಸಿದ್ದರೆಂಬುದು ಸಾಮಾನ್ಯವಾದ ಪ್ರಶಂಸೆಯಲ್ಲ.

ಈ ಕಥೆಯ ಬೀಗದಕೈ ವೀಸಾದ ನಿಯಮದಲ್ಲಿದೆ. ೧೯೯೦ರ ಕಾನೂನು ವರ್ಷಕ್ಕೆ ೬೫,೦೦೦ ಎಚ್-೧ಬಿ ವೀಸಾಗಳನ್ನು ಗೊತ್ತುಮಾಡಿತು. ೨೦೦೧ರಿಂದ ೨೦೦೩ರ ವರೆಗಿನ ಆಯವ್ಯಯ ವರ್ಷಗಳಲ್ಲಿ ಈ ಮಿತಿ ೧,೯೫,೦೦೦ಕ್ಕೆ ಏರಿ ಮರುವರ್ಷವೇ ಮೊದಲಿನ ಅಂಕೆಗೆ ಇಳಿಯಿತು. ಅರ್ಜಿ ಹಾಕುವವನು ಕೆಲಸಗಾರನಲ್ಲ, ಧಣಿ. ಕೆಲಸ ಹೋದರೆ ಆ ದೇಶದಲ್ಲಿ ನಿಲ್ಲುವ ಹಕ್ಕೂ ಹೋಗುತ್ತದೆ. ೨೦೧೭ರಿಂದೀಚೆಗೆ ಅರುವತ್ತು ದಿನಗಳವರೆಗಿನ ಅವಕಾಶ ಉಂಟು, ಅರ್ಜುನನ ಕಾಲದಲ್ಲಿ ಅದೂ ಇರಲಿಲ್ಲ. ಆದುದರಿಂದ ಕಡಿಮೆ ಸಂಬಳ ಕೊಟ್ಟರೆ ಅವನು ದೂರುವ ಹಾಗಿಲ್ಲ. ದೂರದವನು ಧಣಿಗೆ ಅನುಕೂಲ. ಆ ಅನುಕೂಲದಿಂದ ನಷ್ಟ ಹೊಂದುವವನು ಅಲ್ಲಿಯ ಕೆಲಸಗಾರ. ೨೦೧೫ರಲ್ಲಿ ಫ್ಲಾರಿಡದ ಒಂದು ದೊಡ್ಡ ವಿನೋದಸಂಸ್ಥೆಯಲ್ಲಿ ಸುಮಾರು ೨೫೦ ಮಂದಿ ಕೆಲಸ ಕಳೆದುಕೊಂಡಾಗ, ಅವರಲ್ಲಿ ಕೆಲವರು ತಮ್ಮ ಜಾಗಕ್ಕೆ ಬಂದ ಹೊರನಾಡಿನವರಿಗೆ ತಾವೇ ಕೆಲಸ ಕಲಿಸಿಕೊಡಬೇಕಾಯಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಆ ಅವಮಾನವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಕೋಪವು ಏರ್ಪಾಡಿನ ಮೇಲೆ ತಿರುಗುವ ಬದಲು ಮುಖದ ಬಣ್ಣದ ಮೇಲೆ ತಿರುಗುತ್ತದೆ. ೨೦೧೭ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಂಸ್ಥಾನದ ಒಲೇತ ಪಟ್ಟಣದಲ್ಲಿ ನಮ್ಮ ದೇಶದ ತರುಣ ಇಂಜಿನಿಯರೊಬ್ಬನು, ಈ ದೇಶ ಬಿಟ್ಟು ತೊಲಗೆಂದು ಕೂಗಿದವನ ಗುಂಡಿಗೆ ಬಲಿಯಾದನು. ಅದೇ ಸಂಜೆ ಕೊಲೆಗಡುಕನನ್ನು ತಡೆಯಲು ಎದ್ದು ಗುಂಡೇಟು ತಿಂದವನೂ ಅಲ್ಲಿಯವನೇ ಎಂಬುದನ್ನು ನಾವು ಮರೆಯಲಾಗದು.

ಎರಡನೆಯ ಗುಣ ಕಥಾಸಂವಿಧಾನದಲ್ಲಿದೆ. ಅರ್ಜುನನ ಕಥೆಗೆ ಜೋಡಿಯಾಗಿ ಗೈ ಸ್ವಿಫ್ಟ್ ಎಂಬ ಲಂಡನ್ನಿನ ವ್ಯಾಪಾರಚತುರನ ಕಥೆ ಹರಿಯುತ್ತದೆ. ಯೂರೋಪಿನ ಗಡಿಯ ಕಾವಲಿಗೆ ಆಕರ್ಷಕವಾದ ಹೆಸರು ಗುರುತು ಕಟ್ಟಿಕೊಡಲು ಹೊರಟ ಇವನು, ವೈರಸ್ಸಿನಿಂದ ದಾಖಲೆಗಳು ಕೆಟ್ಟು, ಅಕ್ರಮವಾಗಿ ನುಸುಳಿದ ಪರದೇಶಿಯೆಂದು ಎಣಿಸಲ್ಪಟ್ಟು ಆಲ್ಬೇನಿಯಕ್ಕೆ ಗಡೀಪಾರಾಗುತ್ತಾನೆ. ಗಡಿಯನ್ನು ಅಲಂಕರಿಸಲು ಹೋದವನನ್ನು ಗಡಿಯೇ ನುಂಗಿತು. ಇದು ಬರಿಯ ಹಾಸ್ಯವಲ್ಲ. ಮನುಷ್ಯನ ಗೌರವವು ಅವನ ಕೈಯಲ್ಲಿರುವ ಕಾಗದಕ್ಕೆ ಅಂಟಿಕೊಂಡಿರುವ ಕಾಲದಲ್ಲಿ ಸ್ವದೇಶಿ ಪರದೇಶಿ ಎಂಬ ಭೇದವು ಎಷ್ಟು ತೆಳುವಾದುದೆಂಬುದನ್ನು ಉಪದೇಶವಿಲ್ಲದೆ ತೋರಿಸಿರುವರು.

ಇನ್ನು ದೋಷಗಳು. ಅರ್ಜುನನ ಅಂತರಂಗವನ್ನು ಗ್ರಂಥಕರ್ತರು ಸಿನಿಮಾದ ಹಾಡುಗಳಿಂದಲೇ ತುಂಬಿರುವರು. ಅವನ ಮುಗ್ಧತೆ ಮೊದಲು ನಗಿಸುತ್ತದೆ, ಆಮೇಲೆ ಬೇಸರ ತರುತ್ತದೆ. ಏಕೆಂದರೆ ಇಷ್ಟು ಬುದ್ಧಿಯುಳ್ಳವನು ಲೋಕವ್ಯವಹಾರದಲ್ಲಿ ಇಷ್ಟು ಮಗುವಾಗಿರುವುದನ್ನು ನಂಬುವುದು ಕಷ್ಟ. ಅವನು ಬಿಟ್ಟುಬಂದ ಮನೆಯೂ ಒಂದು ರೇಖಾಚಿತ್ರವಾಗಿ ಉಳಿದಿದೆ. ತಂಗಿ ಪ್ರೀತಿ ಕಾಲ್ ಸೆಂಟರಿನಲ್ಲಿ ಕುಳಿತು ಆಸ್ಟ್ರೇಲಿಯದವರ ಉಚ್ಚಾರಣೆಯನ್ನು ಅಭ್ಯಾಸಮಾಡುತ್ತಾಳೆ. ಒಂದೇ ಮನೆಯಲ್ಲಿ ಅಣ್ಣನು ಕೆಲಸವಿದ್ದ ದೇಶಕ್ಕೆ ಹೋದರೆ, ಕೆಲಸವೇ ದೇಶ ಬಿಟ್ಟು ತಂಗಿಯ ಬಳಿಗೆ ಬರುತ್ತದೆ. ಇಂಥ ಸನ್ನಿವೇಶವನ್ನು ಕೈಗೆತ್ತಿಕೊಂಡು ಹಾಗೆಯೇ ಬಿಟ್ಟಿರುವುದು ದೊಡ್ಡ ಲೋಪ. ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರಿಗೆ ಈ ಕೊರತೆ ಕೂಡಲೆ ತಿಳಿಯುತ್ತದೆ. ಅಲ್ಲಿ ರಾಮನು ಮದರಾಸು ಮುಂಬಯಿಗಳನ್ನು ಸುತ್ತಿದರೂ, ಮನೆಯಲ್ಲಿ ಉಳಿದು ಬವಣೆಪಟ್ಟ ಸರಸೋತಿ ನಾಗವೇಣಿಯರೇ ಕಥೆಯ ಭಾರವನ್ನು ಹೊತ್ತವರು. ಉಳಿದವರನ್ನು ಅರಿಯದೆ ಹೋದವನನ್ನು ಅರಿಯಲಾಗದು.

ಮತ್ತೊಂದು ಕೊರತೆ ಇದಕ್ಕಿಂತ ಗಹನವಾದುದು. ಪ್ರವಾಸಿಯನ್ನು ಹೊರಗಿನವರು ಕೀಳಾಗಿ ಕಾಣುವುದನ್ನು ಕಾದಂಬರಿಯು ತೋರಿಸುತ್ತದೆ. ಪ್ರವಾಸಿಗಳು ತಮ್ಮತಮ್ಮೊಳಗೇ ಕೊಂಡೊಯ್ಯುವ ಮೇಲುಕೀಳನ್ನು ಅದು ಅಷ್ಟಾಗಿ ವಿಚಾರಿಸುವುದಿಲ್ಲ. ಅರ್ಜುನನು ದುಡಿದ ರೆಡ್‌ಮಂಡಿಗೆ ಅತಿ ಸಮೀಪವಾದ ಸಿಯಾಟಲ್ ನಗರದ ಸಭೆಯು ೨೦೨೩ರ ಫೆಬ್ರವರಿಯಲ್ಲಿ, ಜಾತಿಯ ಕಾರಣದಿಂದ ಯಾರಿಗೂ ತಾರತಮ್ಯ ಮಾಡಬಾರದೆಂದು ಶಾಸನ ಮಾಡಿತು. ಸಾವಿರಾರು ಮೈಲಿಗಳಾಚೆ ಇಂಥ ಶಾಸನವೊಂದು ಬೇಕಾಯಿತೆಂದರೆ, ನಮ್ಮ ಮಕ್ಕಳ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆಗೆ ನಾವು ಮತ್ತೇನನ್ನು ಕಟ್ಟಿ ಕಳುಹಿಸಿದೆವೆಂದು ಕೇಳಿಕೊಳ್ಳಬೇಕಾದವರು ನಾವೇ.

ಕನ್ನಡ ವಾಚಕರು ಈ ಪುಸ್ತಕವನ್ನು ಮುಚ್ಚಿಟ್ಟ ಮೇಲೆ ತಮ್ಮ ನಾಡಿನ ಕಡೆಗೂ ತಿರುಗಿ ನೋಡಬೇಕು. ಇದು ಪ್ರಕಟವಾದ ಕಾಲದಲ್ಲಿ ಅಮೆರಿಕದಲ್ಲಿ ಕೆಲಸ ಕಳೆದುಕೊಂಡವನನ್ನು ‘ಬ್ಯಾಂಗಲೋರ್ಡ್’ ಆದವನೆಂದು ಕರೆಯುವ ರೂಢಿ ಹುಟ್ಟಿತು. ನಮ್ಮ ರಾಜಧಾನಿಯ ಹೆಸರು ಅಲ್ಲಿಯವರ ಬಾಯಲ್ಲಿ ಬೈಗುಳಾಯಿತೆಂದು ನಾವು ನೊಂದೆವು. ಅದೇ ಬೆಂಗಳೂರಿನಿಂದ ೨೦೧೨ರ ಆಗಸ್ಟಿನಲ್ಲಿ, ಹಲ್ಲೆಯಾಗುವುದೆಂಬ ಗಾಳಿಸುದ್ದಿಗೆ ಬೆದರಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿ ಹೊರಟುಹೋದರು. ೨೦೨೪ರ ಜುಲೈ ತಿಂಗಳಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ನಮ್ಮ ಮಂತ್ರಿಮಂಡಲ ಒಪ್ಪಿಗೆಯಿತ್ತು, ಉದ್ಯಮಿಗಳ ವಿರೋಧ ಬಂದೊಡನೆ ಅದನ್ನು ತಡೆಹಿಡಿಯಿತು. ತನ್ನ ನೆಲದಲ್ಲಿ ತನಗೊಂದು ಕೆಲಸ ಬೇಕೆಂದು ಕೇಳುವುದು ದ್ವೇಷವಲ್ಲ; ಕನ್ನಡಿಗನಿಗೆ ಅದು ನ್ಯಾಯವಾದರೆ ಫ್ಲಾರಿಡದವನಿಗೂ ನ್ಯಾಯವೇ. ಆದರೆ ಹಕ್ಕಿನ ಮಾತು ಎದುರಿನವನ ಮುಖವನ್ನೂ ನುಡಿಯನ್ನೂ ಹಳಿಯುವ ಮಾತಾಗಿ ಎಲ್ಲಿ ಹೊರಳುತ್ತದೆಯೋ ಅಲ್ಲಿ ನ್ಯಾಯ ಮುಗಿದು ಪೂರ್ವಗ್ರಹ ಆರಂಭವಾಗುತ್ತದೆ. ಅಲ್ಲಿ ನಮ್ಮ ಹುಡುಗನ ಪರವಾಗಿ ಮರುಗುವ ನಾವು ಇಲ್ಲಿ ಬಾಡಿಗೆಮನೆ ಕೇಳಿ ಬಂದ ಹೊರಗಿನ ಹುಡುಗನನ್ನು ಯಾವ ದೃಷ್ಟಿಯಿಂದ ನೋಡುತ್ತೇವೆ ಎಂಬುದೇ ನಮ್ಮ ಮರುಕದ ಒರೆಗಲ್ಲು.

ಒಟ್ಟಿನಲ್ಲಿ ‘ಟ್ರಾನ್ಸ್‌ಮಿಷನ್’ ನಿರ್ದುಷ್ಟವಾದ ಕೃತಿಯಲ್ಲ. ಪಾತ್ರಪೋಷಣೆಯಲ್ಲಿ ಅದು ತೆಳುವಾದುದು, ಕರುಣರಸಕ್ಕಿಂತ ಹಾಸ್ಯವೇ ಅದರಲ್ಲಿ ಮೇಲುಗೈ. ಹಾಗಿದ್ದರೂ ವಾಹನಗಳೇ ಓಡಾಡುವ ರಸ್ತೆಯಂಚಿನಲ್ಲಿ ಕಾಲ್ನಡೆಯಿಂದ ಹೋಗುವ ಅರ್ಜುನನ ಚಿತ್ರವು ಮನಸ್ಸಿನಿಂದ ಬೇಗ ಮರೆಯಾಗುವಂಥದಲ್ಲ. ಸಮರ್ಥರಾದವರು ಇದನ್ನು ಕನ್ನಡಕ್ಕೆ ತಂದರೆ ಉಪಕಾರವಾದೀತು. ಅದಕ್ಕಿಂತಲೂ ಮಿಗಿಲಾಗಿ, ಆ ಮನೆಯ ತಂದೆತಾಯಿಗಳ ಕಡೆಯಿಂದ ಇದೇ ಕಥೆಯನ್ನು ಕನ್ನಡದಲ್ಲಿ ಹೊಸದಾಗಿ ಬರೆಯುವವರು ಹುಟ್ಟಲಿ. ಅದುವರೆಗೆ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ: ಮುಂದಿನ ಭಾನುವಾರ ಫೋನು ಬಂದಾಗ ಸಂಬಳದ ವಿಷಯವನ್ನು ಬಿಟ್ಟು, ‘ಅಲ್ಲಿ ನಿನ್ನನ್ನು ಹೇಗೆ ನೋಡಿಕೊಳ್ಳುತ್ತಾರಪ್ಪಾ?’ ಎಂದು ಕೇಳುವುದು.